ಶೆಲ್ ಬದಲಿಸಿ, ಹಳೇ ಬಾಗಿಲು ತೆರೆದಿರಲಿ!

(ಹುಬ್ಬಳ್ಳಿಯ ಮುದ್ರಣಾಲಯದ ಮಾಲೀಕರೊಬ್ಬರು ತರುಣರೆದುರು ಆಡಿದ ಮಾತು)



ನಾನು ಇಂಜಿನಿಯರ್ ಅಲ್ಲ. ಪಿ.ಯು.ಸಿ.ಗೆ ಓದು ನಿಲ್ಲಿಸಿ ಪ್ರೆಸ್ಸಿನ ಮಸಿಗೆ ಕೈಹಾಕಿದವನು. ಆದರೂ ಕಂಪ್ಯೂಟರಿನ ಶೆಲ್ ಬಗ್ಗೆ ಮಾತಾಡಲು ನಿಂತಿದ್ದೇನೆ. ಯಾಕೆಂದರೆ ಒಂದು ರಾತ್ರಿ ಅದು ನನ್ನ ಪ್ರೆಸ್ಸನ್ನೇ ನಿಲ್ಲಿಸಿತ್ತು!

ಶೆಲ್ ಅಂದರೇನು? ಗಿರಾಕಿ ಕೌಂಟರಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಒಳಗೆ ಮಷಿನ್ನಿನವನಿಗೆ ತಿಳಿಸುವ ಹುಡುಗ ಇರುತ್ತಾನಲ್ಲ, ಲಿನಕ್ಸ್ ಕಂಪ್ಯೂಟರಿನಲ್ಲಿ ಶೆಲ್ ಮಾಡುವುದು ಅದನ್ನೇ. ನೀವು ಟೈಪ್ ಮಾಡಿದ ಆಜ್ಞೆಯನ್ನು ಓದಿ ಕೆಲಸಕ್ಕೆ ಹಚ್ಚುತ್ತದೆ. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಬೋರ್ನ್ ಬರೆದ ಶೆಲ್ 1979ರಲ್ಲಿ ಬಂತು. 1989ರಲ್ಲಿ ಬ್ರಯಾನ್ ಫಾಕ್ಸ್ ಅವರ ಬಾಷ್, 1990ರಲ್ಲಿ ಝೆಡ್ ಶೆಲ್ ಬಂದವು. 2019ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್‌ಗಳಲ್ಲಿ ಹೊಸ ಬಳಕೆದಾರರಿಗೆ ಬಾಷ್ ಬಿಟ್ಟು ಝೆಡ್ ಶೆಲ್ ಕೊಡತೊಡಗಿತು. ಹಳಬರ ಶೆಲ್ ಮುಟ್ಟಲಿಲ್ಲ; ಬೇಕಿದ್ದರೆ ಹೀಗೆ ಬದಲಿಸಿಕೊಳ್ಳಿ ಎಂದು ಪರದೆಯ ಮೇಲೆ ಒಂದು ಸೂಚನೆ ತೋರಿಸಿತು, ಅಷ್ಟೆ.

ಬದಲಿಸುವುದು ಅಷ್ಟು ಸುಲಭವೇ? ಸುಲಭವೇ! ಲಿನಕ್ಸಿನಲ್ಲಿ ಪಾಸ್‌ವರ್ಡ್ ಎಂಬ ಹೆಸರಿನ ಕಡತವಿದೆ. ಹೆಸರು ಹಾಗಿದ್ದರೂ ಈಗ ಗುಪ್ತಪದ ಅದರಲ್ಲಿರುವುದಿಲ್ಲ. ಒಬ್ಬೊಬ್ಬ ಬಳಕೆದಾರನಿಗೆ ಒಂದೊಂದು ಸಾಲು, ಸಾಲಿಗೆ ಏಳು ಕಲಮು, ಏಳನೆಯದೇ ಶೆಲ್. ಅದನ್ನು ಬದಲಿಸಲು ಸಿ-ಎಚ್-ಎಸ್-ಎಚ್ ಎಂಬ ಆಜ್ಞೆ ಇದೆ. ಅದು ನಿಮ್ಮ ಗುಪ್ತಪದ ಕೇಳುತ್ತದೆ. ನೀವು ಹೇಳಿದ ಶೆಲ್, 'ಶೆಲ್ಸ್' ಎಂಬ ಇನ್ನೊಂದು ಕಡತದ ಪಟ್ಟಿಯಲ್ಲಿ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಒಪ್ಪುವುದಿಲ್ಲ.

ನಮ್ಮ ಡಿ.ಟಿ.ಪಿ. ಹುಡುಗನಿಗೂ ಒಪ್ಪಲಿಲ್ಲ. ಅವನು ಝೆಡ್ ಶೆಲ್ ಕೇಳಿದ್ದ, ಆದರೆ ಅದನ್ನು ಇನ್‌ಸ್ಟಾಲ್ ಮಾಡಿರಲೇ ಇಲ್ಲ! ಕಂಪ್ಯೂಟರ್ ಬೇಡ ಎಂದದ್ದು ಇವನಿಗೆ ಅವಮಾನವಾಯಿತು. ರೂಟ್ ಅಧಿಕಾರ ತೆಗೆದುಕೊಂಡು, ಆ ಪಾಸ್‌ವರ್ಡ್ ಕಡತವನ್ನೇ ತೆರೆದು ಏಳನೇ ಕಲಮನ್ನು ಕೈಯಾರೆ ತಿದ್ದಿದ. ಲಾಗೌಟ್ ಮಾಡಿದ. ಮತ್ತೆ ಲಾಗಿನ್ ಮಾಡಿದರೆ, ಇಲ್ಲದ ಶೆಲ್ಲನ್ನು ಎಲ್ಲಿಂದ ತಂದಾತು?

"ಅಣ್ಣಾರ, ಒಳಗ ಬಿಡವಲ್ದ್ರೀ" ಅಂದ. ಮುಖ ಬಿಳುಚಿತ್ತು. ಬೆಳಿಗ್ಗೆ ಎಂಟಕ್ಕೆ ಒಬ್ಬರ ಲಗ್ನಪತ್ರಿಕೆ ಕೊಡಬೇಕು, ಫೈಲು ಅದರೊಳಗೆ!

ರಾತ್ರಿ ಎರಡಕ್ಕೆ ದಾರಿ ಸಿಕ್ಕಿತು. ಕಂಪ್ಯೂಟರನ್ನು ಮತ್ತೆ ಶುರು ಮಾಡಿ, ಬೂಟ್ ಮೆನುವಿನ ರಿಕವರಿ ಮೂಲಕ ರೂಟ್ ಆಗಿ ಒಳಹೊಕ್ಕು, ಆ ಏಳನೇ ಕಲಮಿಗೆ ಮತ್ತೆ ಬಾಷ್ ಎಂದು ಬರೆದೆವು. ಲಗ್ನಪತ್ರಿಕೆ ಹೋಯಿತು. ಹುಡುಗನನ್ನು ನಾನು ಬೈಯಲಿಲ್ಲ, ಸುಳ್ಳೇಕೆ, ಸ್ವಲ್ಪ ಬೈದೆ.

ಆದ್ದರಿಂದ ನೀವು ಬದಲಿಸುವಾಗ ಮೊದಲು ಹೊಸ ಶೆಲ್ಲಿನ ಹೆಸರನ್ನು ಟೈಪ್ ಮಾಡಿ, ಅದು ಓಡುತ್ತದೆಯೇ ನೋಡಿ. ಸಿ-ಎಚ್-ಎಸ್-ಎಚ್ ಆದ ಮೇಲೂ ಹಳೇ ಕಿಟಕಿ ಮುಚ್ಚಬೇಡಿ. ಇನ್ನೊಂದು ಕಡೆ ಲಾಗಿನ್ ಆಗಿ ಪರೀಕ್ಷಿಸಿ. ಬದಲಾವಣೆ ಕಾಣುವುದು ಹೊಸ ಲಾಗಿನ್ನಿನಲ್ಲೇ. ಬಾಷ್‌ನ ಸೆಟ್ಟಿಂಗ್ ಕಡತವನ್ನು ಝೆಡ್ ಶೆಲ್ ಓದುವುದಿಲ್ಲ, ನೀವು ಮಾಡಿಕೊಂಡ ಅಡ್ಡಹೆಸರುಗಳು ಕಾಣದಿದ್ದರೆ ಗಾಬರಿಯಾಗಬೇಡಿ.

"ಎಲ್ಲ ಸರಿ, ಆಜ್ಞೆಗಳೆಲ್ಲ ಇಂಗ್ಲಿಷೇ ಅಲ್ಲವೇ?" ಎನ್ನುತ್ತೀರಿ. ಹೌದು. ಆದರೆ ಹಾಗೇ ಇರಬೇಕೆಂದು ಯಾರು ಹೇಳಿದರು? ಕನ್ನಡ ಲಿಪಿ 1991ರ ಮೊದಲ ಯುನಿಕೋಡ್‌ನಲ್ಲೇ ಇದೆ. ಆಜ್ಞೆ ಎಂದರೆ ಬಹುಪಾಲು ಒಂದು ಕಡತದ ಹೆಸರು. ಹೆಸರು ಕನ್ನಡದಲ್ಲಿದ್ದರೂ ಶೆಲ್ ಹುಡುಕಿ ಓಡಿಸುತ್ತದೆ. ಅದೇ ಹುಡುಗ 'ಅಚ್ಚು' ಎಂಬ ಪುಟ್ಟ ಸ್ಕ್ರಿಪ್ಟ್ ಬರೆದಿದ್ದಾನೆ. ಮೊದಲ ಸಾಲಿನಲ್ಲೇ ಬಾಷ್ ಎಂದು ಬರೆದಿರುವುದರಿಂದ, ಲಾಗಿನ್ ಶೆಲ್ ಯಾವುದಿದ್ದರೂ ಅದು ನಡೆಯುತ್ತದೆ. ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಸರಿಯಾಗಿ ಕೂಡುವುದಿಲ್ಲ, ನಮ್ಮಲ್ಲೂ 'ಅಚ್ಚು' ವಿಚಿತ್ರವಾಗಿಯೇ ಕಾಣುತ್ತದೆ. ಅಚ್ಚಿನವನ ಕಣ್ಣಿಗೆ ಅದು ಚುಚ್ಚುತ್ತದೆ. ಆದರೂ ಟೈಪ್ ಮಾಡಿ ಎಂಟರ್ ಒತ್ತಿದರೆ ಪ್ರಿಂಟರಿನಿಂದ ಪ್ರೂಫ್ ಬರುತ್ತದೆ. ನಾಳೆ ಪ್ರೆಸ್ಸಿಗೆ ಬನ್ನಿ, ತೋರಿಸುತ್ತೇನೆ.