ಬಿಳಿ ಗೆರೆಯೊಂದೇ ರಕ್ಷಣೆಯಲ್ಲ: ಶಾಲಾ ರಸ್ತೆಯಲ್ಲಿ ಸುರಕ್ಷಿತ ಸೈಕಲ್ ಪಥ

(ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ತರಬೇತಿ ಕಾರ್ಯಾಗಾರದಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ರಾಜ್ಯದಲ್ಲಿ 2006-07ನೇ ಸಾಲಿನಿಂದ ಪ್ರೌಢಶಾಲಾ ಮಕ್ಕಳಿಗೆ ಉಚಿತವಾಗಿ ಸೈಕಲ್ ವಿತರಿಸುವ ಯೋಜನೆ ಜಾರಿಗೆ ಬಂದಿತು. ಸೈಕಲ್ ಕೊಟ್ಟೆವು, ಅದು ಸಾಗಲು ಸುರಕ್ಷಿತ ದಾರಿಯನ್ನು ಕೊಟ್ಟೆವೇ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ನನ್ನದೇ ತಪ್ಪಿನಿಂದ ಆರಂಭಿಸುತ್ತೇನೆ. ನಾನು ಹಿಂದೆ ಕಾರ್ಯನಿರ್ವಹಿಸುತ್ತಿದ್ದ ಪಂಚಾಯತಿಯಲ್ಲಿ ಶಾಲಾ ರಸ್ತೆಯ ಅಂಚಿಗೆ ಬಿಳಿ ಗೆರೆ ಎಳೆಸಿ, ಸೈಕಲ್ ಪಥ ಸಿದ್ಧವಾಯಿತೆಂದು ಭಾವಿಸಿದ್ದೆ. ಒಂದೇ ಮಳೆಗಾಲಕ್ಕೆ ಬಣ್ಣ ಮಾಸಿತು. ಸುಗ್ಗಿಯಲ್ಲಿ ಅಲ್ಲಿಯೇ ರಾಗಿ ತೆನೆ ಹರಡಿದರು; ಮನೆ ಕಟ್ಟುವವರು ಮರಳು ಸುರಿದರು. ಆ ಮರಳಿನ ರಾಶಿಯನ್ನು ತಪ್ಪಿಸಲು ರಸ್ತೆಯ ನಡುವಿಗೆ ಸರಿದ ಒಂಬತ್ತನೇ ತರಗತಿಯ ಬಾಲಕಿಗೆ ಟ್ರ್ಯಾಕ್ಟರ್ ತಗುಲಿ ಕೈ ಮುರಿಯಿತು. ಬಿಳಿ ಗೆರೆಯೊಂದೇ ರಕ್ಷಣೆಯಲ್ಲವೆಂದು ಅಂದು ಕಲಿತೆನು.

ಮೊದಲನೆಯದು, ಪ್ರತ್ಯೇಕತೆ. ವಾಹನಗಳು ವೇಗವಾಗಿ ಸಾಗುವ ರಸ್ತೆಯಲ್ಲಿ ಪಥವನ್ನು ಅಂಚುಗಲ್ಲುಗಳಿಂದ ಬೇರ್ಪಡಿಸಬೇಕು; ಮಳೆನೀರು ಹರಿಯಲು ಕಲ್ಲುಗಳ ನಡುವೆ ತೆರಪಿರಬೇಕು. ಇಬ್ಬರು ಮಕ್ಕಳು ಜೊತೆಯಾಗಿ ಸಾಗುವಷ್ಟು, ಅಂದರೆ 2 ಮೀಟರ್ ಅಗಲವಾದರೂ ಇರಲಿ.

ಎರಡನೆಯದು, ಮೇಲ್ಮೈ. ಚರಂಡಿಯ ಕಬ್ಬಿಣದ ಜಾಲರಿಯ ಸಂದುಗಳು ಸೈಕಲ್ ಸಾಗುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕಿದ್ದರೆ ಚಕ್ರ ಸಿಕ್ಕಿಕೊಳ್ಳುತ್ತದೆ.

ಮೂರನೆಯದು, ಗುರುತು. ಗಾಜಿನ ಮಣಿ ಬೆರೆಸಿದ ಥರ್ಮೋಪ್ಲಾಸ್ಟಿಕ್ ಲೇಪನವು ಸಾಮಾನ್ಯ ಬಣ್ಣಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ರಾತ್ರಿ ವಾಹನದ ದೀಪಕ್ಕೆ ಹೊಳೆಯುತ್ತದೆ. ಪ್ರತಿ ಅಡ್ಡರಸ್ತೆ ದಾಟಿದೊಡನೆ ಸೈಕಲ್ ಚಿಹ್ನೆ ಮತ್ತೆ ಕಾಣಬೇಕು.

ನಾಲ್ಕನೆಯದು ಹಾಗೂ ಅತಿ ಮುಖ್ಯವಾದುದು, ರಸ್ತೆಗಳು ಕೂಡುವ ಸ್ಥಳ. ಅನೇಕ ಪಥಗಳು ಅಲ್ಲಿಗೆ ಬಂದು ಮುಗಿದುಹೋಗುತ್ತವೆ, ಅಪಾಯವಿರುವುದೂ ಅಲ್ಲಿಯೇ. ಬಣ್ಣದ ಪಟ್ಟಿ ಅಲ್ಲಿ ಕಡಿಯದೆ ಮುಂದುವರಿಯಬೇಕು; ತಿರುಗುವ ವಾಹನಗಳು ನಿಧಾನಿಸುವಂತೆ ದಾಟುವ ಭಾಗವನ್ನು ಎತ್ತರಿಸಬೇಕು. ಬಸ್ ತಂಗುದಾಣವಿದ್ದಲ್ಲಿ ಪಥವನ್ನು ಅದರ ಹಿಂಬದಿಯಿಂದ ಒಯ್ಯುವುದು ಕ್ಷೇಮ.

ಇದಕ್ಕೆಲ್ಲ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 11 ಮಾರ್ಗಸೂಚಿ ನೆರವಾಗುತ್ತದೆ. ರಸ್ತೆ ಯಾವ ಇಲಾಖೆಗೆ ಸೇರಿದೆಯೋ ಅದರ ಒಪ್ಪಿಗೆ ಪಡೆದೇ ಕಾಮಗಾರಿ ಕೈಗೊಳ್ಳೋಣ. ಒಕ್ಕಣೆಗೆ ಬೇರೆ ಕಣ ಒದಗಿಸದೆ ರೈತರನ್ನು ದೂರುವುದು ಮಾತ್ರ ನ್ಯಾಯವಲ್ಲ. ಎರಡನ್ನೂ ಒಂದೇ ಗ್ರಾಮಸಭೆಯಲ್ಲಿ ಚರ್ಚಿಸೋಣ.

ಕೊನೆಯದಾಗಿ ಒಂದು ವಿನಂತಿ. ನಕ್ಷೆ ಸಿದ್ಧಪಡಿಸುವ ಮುನ್ನ, ಶಾಲೆ ಆರಂಭವಾಗುವ ವೇಳೆಗೆ ಮಕ್ಕಳೊಡನೆ ಒಮ್ಮೆ ಸೈಕಲ್ಲಿನಲ್ಲಿ ಸಾಗಿ ನೋಡಿ. ಅವರು ಭಯದಿಂದ ಇಳಿದು ಸೈಕಲ್ ತಳ್ಳುವ ಸ್ಥಳಗಳನ್ನು ಗುರುತಿಸಿಕೊಳ್ಳಿ. ಕಾಮಗಾರಿ ಅಲ್ಲಿಂದಲೇ ಆರಂಭವಾಗಲಿ.