ಲ್ಯಾಮಿಂಗ್ಟನ್ ಬೆಟ್ಟದ ಹಕ್ಕಿಗಳೂ ಅಮ್ಮನ ಮಂಡಕ್ಕಿಯೂ



ವೈದ್ಯನಿಗೆ ಮೈಕ್ ಕೊಟ್ಟರೆ ಸಕ್ಕರೆ ಕಾಯಿಲೆಯ ಉಪನ್ಯಾಸ ಖಂಡಿತ ಎಂದು ನೀವು ಹೆದರಿರಬಹುದು. ಇಂದು ಅದಕ್ಕೆ ರಜೆ. ಲ್ಯಾಮಿಂಗ್ಟನ್ ರಾಷ್ಟ್ರೀಯ ಉದ್ಯಾನದ ಬಗ್ಗೆ ನಾಲ್ಕು ಮಾತು ಆಡುತ್ತೇನೆ.

ಬ್ರಿಸ್ಬೇನಿನಿಂದ ದಕ್ಷಿಣಕ್ಕೆ ಸುಮಾರು ಎರಡು ಗಂಟೆಯ ದಾರಿ. 1915ರಲ್ಲೇ ಉದ್ಯಾನವೆಂದು ಘೋಷಿತವಾದ ಬೆಟ್ಟಗಾಡು. ಆಗುಂಬೆ ಕಡೆಯವರಿಗೆ ಇಲ್ಲಿನ ಮಂಜು, ಪಾಚಿ, ಜಿಗಣೆ ಯಾವುದೂ ಹೊಸತಲ್ಲ. ಎತ್ತರದಲ್ಲಿರುವ ಅಂಟಾರ್ಕ್ಟಿಕ್ ಬೀಚ್ ಮರಗಳು ಗೊಂಡ್ವಾನಾ ಕಾಲದ ಕಾಡಿನ ವಂಶಸ್ಥರು. ನಮ್ಮ ಕರ್ನಾಟಕದ ನೆಲವೂ ಒಮ್ಮೆ ಆ ಭೂಖಂಡಕ್ಕೇ ಸೇರಿತ್ತು. ವೀಸಾ ಬೇಡದ ಕಾಲ!

ಇಲ್ಲಿ ನೋಡಲೇಬೇಕಾದದ್ದು ಸ್ಯಾಟಿನ್ ಬೋವರ್ ಬರ್ಡ್. ಗಂಡುಹಕ್ಕಿ ಕಡ್ಡಿಗಳನ್ನು ಎರಡು ಸಾಲಾಗಿ ನಿಲ್ಲಿಸಿ ಪುಟ್ಟ ಚಪ್ಪರ ಕಟ್ಟುತ್ತದೆ. ಅದರ ಮುಂದೆ ನೀಲಿ ಗರಿ, ನೀಲಿ ಹೂವು, ಯಾರೋ ಬಿಸಾಡಿದ ನೀಲಿ ಬಾಟಲಿ ಮುಚ್ಚಳ ಹರಡುತ್ತದೆ. ಈ ಗಂಡಿಗೆ ಮಿರುಗುವ ಕಡುನೀಲಿ ಮೈಬಣ್ಣ ಬರಲು ಏಳು ವರ್ಷ ಬೇಕು, ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿ ಮಾಡಿದವರಿಗೆ ಅದರ ಕಷ್ಟ ಅರ್ಥವಾದೀತು. ನಮ್ಮ ಗೀಜಗ ಕಟ್ಟುವುದು ಸಂಸಾರದ ಗೂಡು. ಇದು ಕಟ್ಟುವುದು ಬರೀ ಮದುವೆ ಮಂಟಪ. ಮೊಟ್ಟೆ, ಮರಿ, ಗೂಡು ಎಲ್ಲ ಹೆಣ್ಣಿನ ಪಾಲಿಗೆ.

ಸಂಜೆ ಕಾಡಿನಂಚಿನ ಹುಲ್ಲಿಗೆ ಪ್ಯಾಡಿಮೆಲನ್ ಎಂಬ ಕುಳ್ಳ ಕಾಂಗರೂಗಳು ಬರುತ್ತವೆ. ಕಾಗೆಗೆ ಅನ್ನವಿಡದೆ ಉಣ್ಣದ ನನ್ನ ತಾಯಿ ಊರಿನಿಂದ ಬಂದಾಗ ಇವನ್ನು ಕಂಡೊಡನೆ ಚೀಲದಿಂದ ಮಂಡಕ್ಕಿ, ಬ್ರೆಡ್ ತೆಗೆದರು. ನಾನು ಕೈ ಹಿಡಿದೆ. ಉದ್ಯಾನದಲ್ಲಿ ಪ್ರಾಣಿಗಳಿಗೆ ತಿನ್ನಿಸುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ದೊಡ್ಡ ಕಾರಣ ‘ಲಂಪಿ ಜಾ’ ಎಂಬ ರೋಗ. ಹುಲ್ಲಿಗೆಂದೇ ರೂಪುಗೊಂಡ ಬಾಯಲ್ಲಿ ಮೆತ್ತನೆಯ ಬ್ರೆಡ್ ಹಲ್ಲಿನ ಸಂದಿಗೆ ಅಂಟಿ, ವಸಡು ಹುಣ್ಣಾಗಿ, ಸೋಂಕು ದವಡೆಯ ಎಲುಬಿಗೆ ಇಳಿಯುತ್ತದೆ. ಮೇಯಲಾಗದೆ ಪ್ರಾಣಿ ಸಾಯುತ್ತದೆ. ಅಮ್ಮ ಸುಮ್ಮನಾದರು. ಆಮೇಲೆ, “ಹಾಗಾದರೆ ನಿಮ್ಮ ದೇಶದಲ್ಲಿ ಪುಣ್ಯ ಕಟ್ಟಿಕೊಳ್ಳುವುದು ಹೇಗೋ?” ಎಂದರು. ‘ನಿಮ್ಮ ದೇಶ’ ಎಂಬುದು ಸ್ವಲ್ಪ ಚುಚ್ಚಿತು. ಮನೆಗೆ ಬಂದು ಹಿತ್ತಿಲಲ್ಲಿ ಗ್ರೆವಿಲಿಯಾ ನೆಟ್ಟೆವು. ಅದರ ಹೂವಿನ ಮಕರಂದಕ್ಕೆ ಲೋರಿಕೀಟ್ ಗಿಳಿಗಳು ತಾವಾಗಿಯೇ ಬಂದವು. ಫೋನಿನಲ್ಲಿ ಅವರು ಮೊದಲು ವಿಚಾರಿಸುವುದು ಆ ಗಿಡವನ್ನು, ನಂತರ ನನ್ನನ್ನು.

ಒಂದೇ ಒಂದು ವೈದ್ಯಕೀಯ ಮಾತು, ಕ್ಷಮಿಸಿ. ಮಂಗನ ಕಾಯಿಲೆ 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದಂದಿನಿಂದ ಮಲೆನಾಡಿನವರಿಗೆ ಉಣುಗಿನ ಭಯ ಗೊತ್ತು. ಇಲ್ಲಿನ ಪೂರ್ವ ಕರಾವಳಿಯ ಉಣುಗಿನಲ್ಲಿ ಆ ವೈರಸ್ ಇಲ್ಲ. ಆದರೆ ಅದರ ಜೊಲ್ಲಿನ ವಿಷ ಚಿಕ್ಕ ಮಕ್ಕಳ ಕೈಕಾಲು ಸೋಲಿಸಬಲ್ಲದು. ಕಾಡಿನಿಂದ ಬಂದೊಡನೆ ಮಕ್ಕಳ ತಲೆಗೂದಲು, ಕಿವಿಯ ಹಿಂದೆ ನೋಡಿ. ಕಂಡರೆ ಹಿಸುಕಬೇಡಿ. ಔಷಧದಂಗಡಿಯ ಹೆಪ್ಪುಗಟ್ಟಿಸುವ ಸ್ಪ್ರೇ ಹೊಡೆದು ಅದು ತಾನಾಗಿ ಉದುರಲು ಬಿಡಿ.

ಅಡಿಲೇಡಿನವರಿಗೆ ಮೌಂಟ್ ಲಾಫ್ಟಿಯ ಇಳಿಜಾರಿನಲ್ಲಿ ಕ್ಲೀಲೆಂಡ್ ಇದೆ. ಪರ್ತ್‌ನವರಿಗೆ ಡಾರ್ಲಿಂಗ್ ಬೆಟ್ಟಸಾಲಿನ ಜಾನ್ ಫಾರೆಸ್ಟ್ ಉದ್ಯಾನವಿದೆ. ಆದರೂ ನೀಲಿ ಚಪ್ಪರ ನೋಡಬೇಕೆಂದರೆ ನಮ್ಮಲ್ಲಿಗೇ ಬರಬೇಕು. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಮದುವೆ ಸೀಸನ್. ಕಾರಿನಲ್ಲಿ ಜಾಗವಿದೆ, ಬುತ್ತಿ ನಮ್ಮದು.