ಮರುಭೂಮಿಯ ಆಮೆ, ನೆಲದಡಿಯ ನೀರು

ಇವತ್ತು ಒಂದು ಆಮೆ ಬಗ್ಗೆ ಮಾತಾಡೋಣ. ನಾನು ಪ್ರಾಣಿಶಾಸ್ತ್ರ ಓದಿದವನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಆದ್ರೂ ಈ ಆಮೆ ಕಥೆ ಓದಿದಾಗಿನಿಂದ ಅದು ತಲೆಯಿಂದ ಹೋಗ್ತಾ ಇಲ್ಲ.

ಉತ್ತರ ಮೆಕ್ಸಿಕೋದ ಕೊವಾವಿಲಾ ರಾಜ್ಯದಲ್ಲಿ ಕ್ವಾತ್ರೊ ಸಿಯೆನೆಗಾಸ್ ಅಂತ ಒಂದು ಕಣಿವೆ ಇದೆ. ಸುತ್ತಲೂ ಚಿವಾವಾ ಮರುಭೂಮಿ. ಮಳೆ ತೀರಾ ಕಡಿಮೆ, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಆದ್ರೆ ಅದೇ ಕಣಿವೆಯಲ್ಲಿ ಬಿಳಿ ಜಿಪ್ಸಂ ದಿಬ್ಬಗಳ ಆಸುಪಾಸಿನಲ್ಲೇ ನೂರಾರು ನೀಲಿ ಕೊಳಗಳಿವೆ, ಜೌಗು ನೆಲ ಇದೆ. ಸುಣ್ಣಕಲ್ಲಿನ ಬೆಟ್ಟಗಳ ಅಡಿಯ ಅಂತರ್ಜಲ ಬುಗ್ಗೆಯಾಗಿ ಉಕ್ಕಿ ಇವನ್ನೆಲ್ಲ ತುಂಬಿಸುತ್ತೆ.

ಆ ಜೌಗಿನಲ್ಲಿರೋದೇ ಕೊವಾವಿಲಾ ಬಾಕ್ಸ್ ಆಮೆ. ವೈಜ್ಞಾನಿಕ ಹೆಸರು ಟೆರಾಪೀನ್ ಕೊವಾವಿಲಾ. 1944ರಲ್ಲಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು. ಬಾಕ್ಸ್ ಆಮೆ ಅಂದ್ರೆ, ಹೊಟ್ಟೆ ಕಡೆಯ ಚಿಪ್ಪಿಗೆ ಒಂದು ಕೀಲು ಇರುತ್ತೆ. ಅಪಾಯ ಬಂದ್ರೆ ತಲೆ, ಕಾಲು ಒಳಗೆಳೆದುಕೊಂಡು ಡಬ್ಬಿ ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತೆ. ಇದರ ಬಂಧುಗಳೆಲ್ಲ ನೆಲದ ಮೇಲೆ, ಕಾಡು ಹುಲ್ಲುಗಾವಲಲ್ಲಿ ಬದುಕೋವು. ಇದೊಂದೇ ನೀರಿಗಿಳಿದದ್ದು. ಈಜೋದರಲ್ಲಿ ಅಷ್ಟೇನೂ ಚುರುಕಲ್ಲ. ಆಳವಿಲ್ಲದ ನೀರಿನ ತಳದಲ್ಲಿ ನಡೆದಾಡುತ್ತಾ ಹುಳು, ಹುಪ್ಪಟೆ, ಗಿಡ ತಿಂದುಕೊಂಡಿರುತ್ತೆ. ಬೆನ್ನ ಮೇಲೆ ಪಾಚಿ ಬೆಳೆದಿರೋದೂ ಉಂಟು. ಮೊಟ್ಟೆ ಒಂದು ಸಲಕ್ಕೆ ಎರಡೋ ಮೂರೋ, ಅಷ್ಟೇ.

ತೇವದ ನೆಲಕ್ಕೆ ಒಗ್ಗಿಕೊಂಡ ಈ ಆಮೆ ಪ್ರಪಂಚದಲ್ಲಿ ಈ ಒಂದೇ ಕಣಿವೆಯಲ್ಲಿದೆ. ನಮ್ಮ ಭಾಷೇಲಿ ಹೇಳೋದಾದ್ರೆ, ಬ್ಯಾಕಪ್ ಇಲ್ಲದ ಸರ್ವರ್. ಅದನ್ನ ನಡೆಸ್ತಿರೋ ಕರೆಂಟು ಅಂದ್ರೆ ಅಂತರ್ಜಲ.

ಆ ನೀರನ್ನ ಕಾಲುವೆ ತೋಡಿ ಕಣಿವೆಯ ಹೊರಗೆ ಸಾಗಿಸೋ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು. ಆಮೇಲೆ ಪಕ್ಕದ ಕಣಿವೆಗಳಲ್ಲಿ ಕೊಳವೆಬಾವಿಗಳು ಬಂದವು, ಹಸುಗಳ ಮೇವಿಗೆ ಅಲ್ಫಾಲ್ಫಾ, ಅಂದ್ರೆ ನಮ್ಮ ಕುದುರೆ ಮೆಂತೆ, ಬೆಳೆಯೋಕೆ. "ಅಲ್ಲಿ ಬಾವಿ ತೋಡಿದ್ರೆ ಇಲ್ಲಿಗೇನು?" ಅನ್ನೋ ಪ್ರಶ್ನೆ ಎದ್ದಿತು. ಮೆಕ್ಸಿಕೋದ ವಿಜ್ಞಾನಿ ವಲೇರಿಯಾ ಸೌಸಾ ಮತ್ತು ಸಂಗಡಿಗರು ಎರಡೂ ಕಡೆಯ ನೀರಿನ ಬ್ಯಾಕ್ಟೀರಿಯಾಗಳನ್ನ ಹೋಲಿಸಿ ನೋಡಿದರು. ಹತ್ತಿರದ ನೆಂಟರ ಹಾಗಿದ್ದವು. ಬೆಟ್ಟ ಅಡ್ಡ ಇದ್ರೂ ಅಡಿಯಲ್ಲಿ ನೀರಿನ ನಂಟಿದೆ ಅನ್ನೋದಕ್ಕೆ ಅವರು ಇದನ್ನ ಪುರಾವೆಯಾಗಿ ಮುಂದಿಟ್ಟರು.

ಕಣಿವೆಯನ್ನ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದು 1994ರಲ್ಲಿ. ಆದ್ರೂ ಕಳೆದ ದಶಕದಲ್ಲಿ ಚುರಿಂಸೆ ಅನ್ನೋ ಕಡೆ ಕೊಳಗಳ ಸರಣಿಯೇ ಒಣಗಿಹೋಯ್ತು. ಭೂಪಟದ ಮೇಲೆ ಗೆರೆ ಎಳೆದು ನೆಲ ಕಾಪಾಡಬಹುದು. ನೀರು ಆ ಗೆರೆಯ ಆಚೆಯಿಂದಲೂ ಖಾಲಿಯಾಗುತ್ತೆ. ಐಯುಸಿಎನ್ ಪಟ್ಟಿಯಲ್ಲಿ ಈ ಆಮೆ ಈಗ ಅಳಿವಿನಂಚಿನಲ್ಲಿದೆ.

ನರಿ ಬಂದ್ರೆ ಚಿಪ್ಪು ಮುಚ್ಚಿಕೊಳ್ಳಬಹುದು. ಜೌಗು ಒಣಗಿದ್ರೆ ಎಷ್ಟು ದಿನ ಮುಚ್ಚಿಕೊಂಡಿರೋಕಾಗುತ್ತೆ? ಉಳಿದಿರೋ ದಾರಿ ಒಂದೇ: ಕಾಲುವೆಯ ನೀರನ್ನ ಜೌಗಿಗೇ ಬಿಡೋದು, ಮರುಭೂಮಿಯಲ್ಲಿ ಯಾವ ಬೆಳೆ ಬೆಳೀಬೇಕು ಅಂತ ಮತ್ತೆ ಯೋಚಿಸೋದು. ಇದು ರೈತರನ್ನ ಕೂರಿಸಿಕೊಂಡು ಮಾಡಬೇಕಾದ ಕೆಲಸ. ಅವರಿಗೂ ಇರೋದು ಅದೇ ನೀರು.